ಒರಗಲು ಗೋಡೆಯಿಲ್ಲದ ಬಯಲು

ಬೀದರಿನಿಂದ ಬಳ್ಳಾರಿಗೆ ಒಬ್ಬಳೇ ಸೈಕಲ್ ತುಳಿದುಕೊಂಡು ಬರುತ್ತೇನೆ ಅಂದಾಗ ಅಲ್ಲಿನ ನಮ್ಮ ಕೌಲ್ ಬಜಾರಿನಲ್ಲಿ ನಗದವರೇ ಇರಲಿಲ್ಲ. ಅಲ್ಲಿ ನನ್ನದೊಂದು ಜೀನ್ಸ್ ಹೊಲಿಯುವ ಯುನಿಟ್ ಇದೆ. ಬೆಳಗಿನಿಂದ ಸಂಜೆಯವರೆಗೆ ಮಷೀನುಗಳ ಗದ್ದಲ, ಉಸಿರಿನೊಳಗೆಲ್ಲ ನೀಲಿ ದೂಳು. ಆ ಗದ್ದಲದ ಮೇಲೆ ಕೂಗಿ ಕೂಗಿ ನನ್ನ ದನಿ ಒರಟಾಗಿದೆ, ಸಿಟ್ಟಂತೂ ಮೂಗಿನ ತುದಿಯಲ್ಲೇ ಕೂತಿರುತ್ತದೆ. ನಮ್ಮ ಕಟಿಂಗ್ ಮಾಸ್ಟರ್ ವಿರೂಪಾಕ್ಷಿ, "ಅಲ್ಲ ಅರುಣಕ್ಕಾ, ನಡುವ ಬರೇ ಬಯಲು. ಏನೈತಂತ ನೋಡಾಕ ಹೊಂಟೀರಿ?" ಎಂದು ಕೇಳಿದ. "ಏನೂ ಇಲ್ಲಲ್ಲ, ಅದನ್ನ ನೋಡಾಕ ಹೊಂಟೀನಿ" ಅಂದೆ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಒಳಗೆ ಹೋದ.

ಆ ಪಯಣದ ಕೊನೆಯ ದಿನದ ಮಾತು ಇದು. ಹಿಂದಿನ ರಾತ್ರಿ ಸಿರುಗುಪ್ಪದಲ್ಲಿ ಉಳಿದಿದ್ದೆ. ತೆಕ್ಕಲಕೋಟೆ, ಕುರುಗೋಡು ದಾಟಿ ಕತ್ತಲಾಗುವುದರೊಳಗೆ ಮನೆ ಸೇರುವ ಲೆಕ್ಕ. ಬಸ್ಸು, ಲಾರಿ, ಟ್ರ್ಯಾಕ್ಟರ್ ಯಾವುದನ್ನೂ ಹತ್ತದೆ ಊರು ಮುಟ್ಟಬೇಕು ಅನ್ನುವ ಹಟ ಮೊದಲ ದಿನದಿಂದಲೂ ಇತ್ತು. ಅಲ್ಲಿಯವರೆಗೆ ಅದನ್ನು ಬಿಡುವ ಪ್ರಸಂಗವೂ ಬಂದಿರಲಿಲ್ಲ.

ತೆಕ್ಕಲಕೋಟೆಯವರೆಗೆ ಕಾಲುವೆ ನೀರು ಕುಡಿದ ಭತ್ತದ ಗದ್ದೆಗಳು, ತಂಪು ಗಾಳಿ, ನಾನೂ ಹಾಡು ಗುನುಗುತ್ತ ಬಂದೆ. ಅಲ್ಲಿಂದ ಆಚೆಗೆ ಕಪ್ಪು ಮಣ್ಣಿನ ಎರೆ ಹೊಲ ಶುರುವಾಯಿತು, ಗಾಳಿ ಎದುರಿಗೆ ತಿರುಗಿತು. ಯುಗಾದಿಯ ಮುಂಚಿನ ಬಿಸಿಲು, ಎದುರು ಗಾಳಿ ಬೇರೆ. ಪೆಡಲ್ ತುಳಿದರೆ ಸೈಕಲ್ ಮುಂದೆ ಹೋಗುತ್ತಿದೆಯೋ ಇಲ್ಲವೋ ಅನ್ನುವುದೇ ಗೊತ್ತಾಗದು. ದೂರದಲ್ಲಿ ಕುರುಗೋಡಿನ ಗುಡ್ಡ ಕಾಣುತ್ತಿತ್ತು. ಒಂದು ತಾಸು ತುಳಿದು ತಲೆಯೆತ್ತಿ ನೋಡಿದರೆ ಅಲ್ಲೇ ಇತ್ತು, ಇನ್ನೊಂದು ತಾಸು ತುಳಿದರೂ ಅಲ್ಲೇ. "ನಿನ್ನ ಮನಿ ಹಾಳಾಗ!" ಎಂದು ಗುಡ್ಡಕ್ಕೆ ಬೈದೆ. ಗಾಳಿಗಂತೂ ಇಲ್ಲಿ ಬರೆಯಬಾರದ್ದನ್ನೆಲ್ಲ ಬೈದೆ.

ಬೈದು ಬೈದು ಸಾಕಾಗಿ ಇಳಿದು ನಿಂತಾಗ ಸುತ್ತ ನೋಡಿದೆ. ಯಾವ ದಿಕ್ಕಿಗೆ ತಿರುಗಿದರೂ ಆಕಾಶ ನೆಲದವರೆಗೂ ಇಳಿದಿತ್ತು. ಕಪ್ಪು ಹೊಲ, ಅಲ್ಲಲ್ಲಿ ಒಣಗಲು ಹರಡಿದ ಮೆಣಸಿನಕಾಯಿ ಕಣದ ಕೆಂಪು, ಅಷ್ಟೆ. ರಸ್ತೆ ಅಗಲ ಮಾಡುವಾಗ ಬೇವಿನ ಮರಗಳನ್ನು ಕಡಿದುಹಾಕಿದ್ದರು, ಲೈಟಿನ ಕಂಬಗಳೂ ದೂರದ ಹೊಲಗಳೊಳಗೆ ಇದ್ದವು. ನಾಲ್ಕು ಗೋಡೆಯೊಳಗೆ ಸೂಜಿಯ ತುದಿ ನೋಡಿಕೊಂಡೇ ಬದುಕಿದ ನನ್ನ ಕಣ್ಣಿಗೆ ಅಷ್ಟು ದೂರ ನೋಡಿ ರೂಢಿಯೇ ಇಲ್ಲ. ಅಬ್ಬಬ್ಬಾ ಅಂದೆ, ಒಬ್ಬಳೇ, ಬಾಯಿ ಬಿಟ್ಟು. ನಿಜವಾಗಿ ಸ್ವಲ್ಪ ಹೆದರಿಕೆಯೂ ಆಯಿತು.

ಆಗ ರಸ್ತೆಯ ಆ ತುದಿಯಲ್ಲಿ ಒಬ್ಬ ಮನುಷ್ಯ ಕಂಡ. ಕಂಡವನ ಎತ್ತರ ಮಾತ್ರ ಮನುಷ್ಯನದಾಗಿರಲಿಲ್ಲ. ಬಿಸಿಲಿಗೆ ತಲೆ ತಿರುಗಿತೇನೋ ಎಂದು ಬಾಟಲಿಯ ನೀರು ಕುಡಿದೆ, ಉಳಿದದ್ದನ್ನು ನೆತ್ತಿಗೆ ಸುರಿದುಕೊಂಡೆ. ಮತ್ತೆ ನೋಡಿದರೂ ಅವನು ಅಷ್ಟೇ ಎತ್ತರ ಇದ್ದ. ಹತ್ತಿರ ಬಂದ ಮೇಲೆ ಗೊತ್ತಾಯಿತು, ಮರಗಾಲಿನ ಮೇಲೆ ನಡೆದು ಬರುತ್ತಿದ್ದ. ಎರಡು ಉದ್ದ ಬಿದಿರು ಕೋಲು, ನೆಲದಿಂದ ನನ್ನ ಸೊಂಟದಷ್ಟು ಮೇಲೆ ಕಾಲಿಡಲು ಎರಡು ಮೆಟ್ಟು. ಕೋಲುಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದ, ಯಾವ ಹಗ್ಗವೂ ಕಟ್ಟಿರಲಿಲ್ಲ. ಅರವತ್ತು ದಾಟಿದ ಮುಖ, ಬಿಳಿ ಗಡ್ಡ, ಬೆವರಿಗೆ ಕರಗಿದ ವಿಭೂತಿ, ಬೆನ್ನಿಗೆ ಒಂದು ಗಂಟು. ಶ್ರೀಶೈಲದ ಮಲ್ಲಯ್ಯನಿಗೆ ಹೀಗೆ ಹರಕೆ ಹೊತ್ತು ಹೋಗುವವರಿದ್ದಾರೆ ಎಂದು ಕೇಳಿದ್ದೆ, ನೋಡಿರಲಿಲ್ಲ.

"ಯವ್ವಾ, ಸ್ವಲ್ಪ ನಿಂದ್ರತೀಯೇನು? ನಿನ್ನ ಆಸರಿ ಹಿಡದು ಒಂದೀಟು ಉಸುರು ಬಿಡತೀನಿ" ಅಂದ. ಹಾಗೆ ಹೇಳುವಾಗಲೂ ನಿಲ್ಲಲಿಲ್ಲ, ನಿಂತಲ್ಲೇ ಕೋಲುಗಳನ್ನು ಹಿಂದೆ ಮುಂದೆ ಊರುತ್ತಿದ್ದ.

"ಇಳದು ಕುಂತು ಉಸುರು ಬಿಡ್ರಿ ತಾತಾ, ಯಾರು ಬ್ಯಾಡಂದ್ರು?" ಅಂದೆ. ಗಾಳಿಯ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಇಳಿಯಂಗಿಲ್ಲಲ್ಲವ್ವ. ಅದ್ರಾಗ ತಾತ ಅಂತ ಬ್ಯಾರೆ ಕರೀತಿ, ವಯಸ್ಸು ನೆನಪಾಗಿ ಬಿದ್ದುಗಿದ್ದೇನು! ಅಣ್ಣ ಅನ್ನು. ಮೈಲಾರಲಿಂಗಪ್ಪ ನನ್ನ ಹೆಸರು."

ನಗು ಬಂತು. ಸೈಕಲನ್ನು ಕಿಲೋಮೀಟರ್ ಕಲ್ಲಿಗೆ ಆನಿಸಿ, ಎದುರಿಗೆ ನಿಂತು ಎರಡೂ ಕೋಲುಗಳನ್ನು ತೋಳಿನಿಂದ ಬಳಸಿ ಹಿಡಿದೆ. ಅವನು ಮೈಭಾರವನ್ನೆಲ್ಲ ಕೋಲುಗಳ ಮೇಲೆ ಬಿಟ್ಟು ಕಣ್ಣು ಮುಚ್ಚಿದ. ಅವನ ಮೊಣಕಾಲು ನನ್ನ ಕಣ್ಣೆದುರೇ ಇತ್ತು, ಗಡಗಡ ನಡುಗುತ್ತಿತ್ತು. ಮರಗಾಲಿನ ಮೇಲಿದ್ದವನು ನಿಲ್ಲುವುದಕ್ಕೆ ಆಗುವುದಿಲ್ಲ, ನಡೆಯುತ್ತಿರಬೇಕು ಇಲ್ಲವೇ ಯಾವುದಕ್ಕಾದರೂ ಒರಗಬೇಕು. ಊರೊಳಗಾದರೆ ಗೋಡೆ ಇರುತ್ತದೆ, ಮರ ಇರುತ್ತದೆ. ಈ ಬಯಲಲ್ಲಿ ಏನಿದೆ? ಕಂಬಕ್ಕೆ ಒರಗಲು ಹೊಲಕ್ಕೆ ಇಳಿದರೆ ಉತ್ತ ಮಣ್ಣಿನಲ್ಲಿ ಕೋಲು ಹೂತುಹೋಗುತ್ತದೆ. ಬೆಳಿಗ್ಗೆ ಕುರುಗೋಡಿನಲ್ಲಿ ಏರಿದವನು ಒಂದು ಕಡೆಯೂ ನಿಲ್ಲದೆ ನಡೆದು ಬಂದಿದ್ದನಂತೆ, ಅವನೇ ಹೇಳಿದ. 

"ನಡುವ ಕಾಲು ಮಣ್ಣಿಗೆ ತಾಗಿದ್ರ ಏನಾಗ್ತೈತಿ?" ಎಂದು ಕೇಳಿದೆ.

"ಮುಂಜಾನಿ ಪೂಜಿ ಮಾಡಿ ಏರಿದ್ನಂದ್ರ ಮುಂದಿನ ತಾಣದಾಗೇ ಇಳೀಬೇಕು. ಮಂದಿ ನಮಗ ಊಟಕ್ಕ ಹಾಕ್ತಾರಲ್ಲ, ಅದಾ ತಾಣ. ಇವತ್ತಿಂದು ತೆಕ್ಕಲಕೋಟಿಯಾಗ. ನಡುವ ಕಾಲು ತಾಗಿತಂದ್ರ ಹೊಳ್ಳಿ ಮುಂಜಾನಿ ಏರಿದಲ್ಲಿಗೇ ಹೋಗಿ, ಅಲ್ಲಿಂದ ಮತ್ತ ಬರಬೇಕು. ಹಿಂದ ಎಮ್ಮಿಗನೂರಾಗ ನಾಯಿ ಬೆನ್ನು ಹತ್ತಿ ಬಿದ್ದುಬಿಟ್ಟೆ. ಒಂದು ದಿನ ಹೋತು. ನಮ್ಮೂರ ಮಂದಿ ಎಲ್ಲಾ ಮುಂದ ಹೋದ್ರು. ಈಗ ಎಲ್ಲಾ ಸರಿಯಾಗಿ ನಡದ್ರ ಯುಗಾದಿ ದಿನ ಮಲ್ಲಯ್ಯನ ಮುಂದ ಇಳೀತೀನಿ. ಇನ್ನೊಂದು ದಿನ ಕಳಕೊಂಡ್ರ ಯುಗಾದಿ ತಪ್ಪಿತು."

"ತಪ್ಪಿದ್ರ ತಪ್ಪಲಿ. ಅಂಥಾದ್ದು ಏನು ಕೊಟ್ಟಾನ ನಿಮ್ಮ ಮಲ್ಲಯ್ಯ?"

"ಕೊಟ್ಟಿಲ್ಲವ್ವ" ಅಂದ, ಕಣ್ಣು ಬಿಡದೆಯೇ. "ನಮ್ಮ ಹಂಪಕ್ಕ ಹಾಸಿಗಿ ಹಿಡದಿದ್ದಳು, ನನ್ನ ಹೆಂಡ್ತಿ. ಆಕಿ ಎದ್ದು ಕುಂತ್ರ ಯುಗಾದಿಗೆ ಮರಗಾಲು ಏರಿ ಬರ್ತೀನಿ ಅಂತ ಬೇಡಿಕೊಂಡೆ. ದೀಪಾವಳಿಗೆ ಹೋಗಿಬಿಟ್ಟಳು."

 ನನಗೆ ಯಾಕೋ ಸಿಟ್ಟು ಒತ್ತರಿಸಿ ಬಂತು, ಅವನ ಮೇಲೋ ಮಲ್ಲಯ್ಯನ ಮೇಲೋ ತಿಳಿಯದು. "ಮತ್ತ್ಯಾಕ ಈ ಬಿಸಲಾಗ ಸಾಯಾಕ ಹತ್ತೀರಿ? ಉಳಿಸಲಾರದ ದೇವ್ರಿಗೆ ಎಂಥಾ ಹರಕಿ ಅಣ್ಣಾ?"

"ನಾ ಬೇಡಿಕೊಂಡಿದ್ದು ಆಕಿ ಕೇಳಿಸಿಕೊಂಡಿದ್ಲವ್ವ. ಆಕಿ ಬಾಯಿ ಬಿದ್ದು ಬಾಳ ದಿನ ಆಗಿತ್ತು, ಮಾತಿಲ್ಲ ಕತಿಯಿಲ್ಲ. ಈ ಮುದುಕ ಮರಗಾಲು ಏರ್ತಾನಂತ ಕೇಳಿ ನಕ್ಕಳು ನೋಡು! ಅಷ್ಟು ಚಂದ ನಕ್ಕಳು. ನಗಿಸಿ ಸುಳ್ಳು ಹೇಳಿದಂಗ ಆಗಬಾರದಲ್ಲ."

 ಬೀದರಿನಿಂದ ಸೈಕಲ್ ತುಳಿದು ಬಂದೆ ಎಂದು ನನಗೆ ಒಳಗೊಳಗೇ ದೊಡ್ಡ ಜಂಬ ಇತ್ತು. ಆ ಜಂಬ ಅಲ್ಲೇ ಕರಗಿತು. ಈ ಮನುಷ್ಯನ ಕಾಲು ಇವತ್ತು ಮಣ್ಣಿಗೆ ತಾಗಬಾರದು ಎಂದು ಒಮ್ಮೆಲೇ ಅನಿಸಿತು, ಅದೂ ನನ್ನದೇ ಹರಕೆಯೇನೋ ಅನ್ನುವಷ್ಟು ಬಲವಾಗಿ.

ಬೆಳಕು ಬದಲಾಯಿತು. ಅವನ ಬೆನ್ನ ಹಿಂದೆ, ಕುರುಗೋಡಿನ ಕಡೆ, ನೋಡಿದೆ. ಗುಡ್ಡ ಇರಲಿಲ್ಲ! ಗುಡ್ಡ ಇದ್ದಲ್ಲಿ ಕೆಂಪು ಮಿಶ್ರಿತ ಕಪ್ಪು ಗೋಡೆಯೊಂದು ನೆಲದಿಂದ ಆಕಾಶದವರೆಗೂ ಎದ್ದು ನಿಂತಿತ್ತು. ಕೆಳಗೆ ದೂಳು, ಮೇಲೆ ಮೋಡ, ಎರಡರ ನಡುವೆ ಮಿಂಚು ಅಡ್ಡಡ್ಡ ಹರಿಯುತ್ತಿತ್ತು. ಊರೊಳಗೆ ಮಳೆ ತಲೆಯ ಮೇಲೆ ಬಿದ್ದ ಮೇಲೇ ನಮಗೆ ತಿಳಿಯುವುದು. ಇಲ್ಲಿ ಅದರ ಬುಡ, ನಡು, ತಲೆ ಎಲ್ಲವೂ ಒಟ್ಟಿಗೆ ಕಾಣುತ್ತಿತ್ತು, ಒಂದೊಂದೇ ಹೊಲವನ್ನು ನುಂಗುತ್ತ ಬರುವುದು ಕಾಣುತ್ತಿತ್ತು. ಅಷ್ಟು ದೊಡ್ಡದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಓಡಬೇಕು ಅನ್ನುವುದೂ ಮರೆತುಹೋಗಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತೆ.

"ನೀ ಹೋಗವ್ವ, ಆ ಕಣದಾಗ ಹೆಣ್ಣಮಕ್ಕಳು ಅದಾರ, ಅವರ ತಾಡಪತ್ರಿ ಕೆಳಗರ ಹೊಕ್ಕೊಂಡು ಕುಂದ್ರು" ಅಂದ ಅವನು.

"ನೀವು?"

"ನಂದು ಬಿಡು, ಗಾಳಿ ಹಿಂದಿಂದ ಬರ್ತೈತಿ. ತೂರಿಕೊಂಡು ತೆಕ್ಕಲಕೋಟಿ ಮುಟ್ಟಸ್ತೈತಿ."

"ಮುಟ್ಟಸ್ತೈತಿ, ಮಕಾಡೆ ಬೀಳಿಸಿ! ಸುಮ್ಮನ ನಿಂದರ್ರಿ" ಎಂದು ಗದರಿದೆ. ಕೋಲುಗಳನ್ನು ಇನ್ನೂ ಗಟ್ಟಿಯಾಗಿ ತಬ್ಬಿ, ಕಾಲು ಅಗಲಿಸಿ ಊರಿ, ತಲೆ ತಗ್ಗಿಸಿದೆ.

ಗಾಳಿ ಬಂದು ಅಪ್ಪಳಿಸಿತು. ಅವನ ಭಾರವೆಲ್ಲ ಒಮ್ಮೆಗೇ ನನ್ನ ಮೇಲೆ ಬಂತು, ಹಿಮ್ಮಡಿ ಡಾಂಬರಿನ ಮೇಲೆ ಜಾರಿತು. ಜಾರಿದರೂ ಬಿಡಲಿಲ್ಲ. ದೂಳು ಸರಿ, ಅದು ಗೊತ್ತಿದ್ದದ್ದೇ. ಅದರ ಹಿಂದೆ ಬಂದದ್ದು ಗೊತ್ತಿರಲಿಲ್ಲ. ರಸ್ತೆ ಪಕ್ಕದ ಕಣದ ಮೆಣಸಿನಕಾಯಿ ಗಾಳಿಗೆ ಎದ್ದು ಬಂತು, ಬೀಜ, ತೊಟ್ಟು, ಪುಡಿ ಸಮೇತ. ಕಣದ ಹೆಂಗಸರು ತಾಡಪತ್ರಿ ಎಳೆಯುತ್ತ ಚೀರುವುದು ಕೇಳಿಸಿತು, ಆಮೇಲೆ ಅದೂ ಕೇಳಿಸಲಿಲ್ಲ. ಕಣ್ಣಿಗೆ ಬೆಂಕಿ ಬಿದ್ದ ಹಾಗಾಯಿತು. ಮೂಗು, ಗಂಟಲು, ಎದೆ ಎಲ್ಲ ಉರಿ. ಕೆಮ್ಮಿದೆ, ಸೀನಿದೆ, ಅತ್ತೆ. ಮೇಲೆ ಅವನೂ ಕೆಮ್ಮುತ್ತಿದ್ದ, ಕೋಲುಗಳು ನನ್ನ ತೋಳಿನಲ್ಲಿ ಅದುರುತ್ತಿದ್ದವು. ಆದರೂ ನಿಂತಿದ್ದೆವು. ಇಬ್ಬರೂ ಸೇರಿ ಆ ಗಾಳಿಗೆ ನಿಂತಿದ್ದೇವೆ ಅನ್ನುವುದೇ ನಂಬುವ ಹಾಗಿರಲಿಲ್ಲ.

ಆಗ ಸೈಕಲ್ ಬಿದ್ದ ಸದ್ದಾಯಿತು. ಗಾಳಿ ಅದನ್ನು ಎಳೆದುಕೊಂಡು ನನ್ನ ಹಿಂದಿನ ರಸ್ತೆಗೆ ಒಯ್ಯುತ್ತಿತ್ತು, ಕಬ್ಬಿಣ ಡಾಂಬರಿಗೆ ಉಜ್ಜುವ ಸದ್ದು. ಹಾಳಾದ್ದು ನನ್ನ ಕೈ, ಯೋಚಿಸಲಿಲ್ಲ. ನನ್ನ ಸೈಕಲ್! ಅಂದೆ, ಕೋಲು ಬಿಟ್ಟೆ, ಕಣ್ಣು ಮುಚ್ಚಿಕೊಂಡೇ ಸದ್ದಿನ ಹಿಂದೆ ಓಡಿದೆ. ಬೆನ್ನ ಹಿಂದೆ ಅವನು ಕೂಗಿದ. ಕೈ ಬಿಟ್ಟೆನೆಂದು ಬೈಯುತ್ತಿದ್ದಾನೆ ಅಂದುಕೊಂಡೆ. ಬೈಯಲಿ, ಈಗ ಬಂದೆ, ಎಂದು ಹ್ಯಾಂಡಲ್ ತಡಕಾಡಿ ಹಿಡಿದುಕೊಂಡೆ.

ರಟ್ಟೆಗೆ ಯಾರೋ ಕೈ ಹಾಕಿ ಎಳೆದರು. ಎಳೆದ ರಭಸಕ್ಕೆ ಇಬ್ಬರೂ ಹೋಗಿ ರಸ್ತೆ ಪಕ್ಕದ ಮಣ್ಣಿಗೆ ಬಿದ್ದೆವು. ಅದೇ ಕ್ಷಣ ನಾನು ನಿಂತಿದ್ದಲ್ಲಿ ಒಂದು ಲಾರಿ ಹಾದುಹೋಯಿತು, ಚಕ್ರದ ಕೆಳಗೆ ಕಬ್ಬಿಣ ಮುರಿದ ಸದ್ದು ಕೇಳಿತು. ಆ ದೂಳಿನಲ್ಲಿ ಡ್ರೈವರಿಗೆ ನಾವು ಕಂಡೇ ಇರಲಿಲ್ಲವೋ ಏನೋ, ಲಾರಿ ನಿಲ್ಲಲಿಲ್ಲ. ಎತ್ತರದಲ್ಲಿದ್ದ ಮೈಲಾರಲಿಂಗಪ್ಪನಿಗೆ ಮಾತ್ರ ದೂಳಿನ ಮೇಲೆ ಲಾರಿಯ ತಲೆ ಕಂಡಿತ್ತು, ಅವನು ಕೂಗಿದ್ದು ಅದಕ್ಕೇ.

ಮೇಲಿಂದ ಆಲಿಕಲ್ಲು ಬೀಳತೊಡಗಿತು, ಹಿಂದೆಯೇ ಮಳೆ. ಕಣ್ಣು ತೊಳೆದು ಬಿಟ್ಟಾಗ ನಾನು ಮೊದಲು ನೋಡಿದ್ದು ಅವನ ಕಾಲು. ಎರಡೂ ಪಾದ ಕಪ್ಪು ಮಣ್ಣಿನೊಳಗೆ ಕಣಕಾಲಿನವರೆಗೆ ಹೂತಿದ್ದವು.

"ಯಾಕ ಇಳದ್ರಿ?" ಎಂದು ಕಿರುಚಿದೆ. ನಾಚಿಕೆಗೆಟ್ಟವಳ ಹಾಗೆ ಅವನ ಭುಜ ಹಿಡಿದು ಅಲುಗಿಸಿದೆ. "ಯಾಕ ಇಳದ್ರಿ ಅಣ್ಣಾ? ಕೈ ಬಿಟ್ಟಾಕಿ ನಾನು! ಯಾಕ ಇಳದ್ರಿ?"

"ಮತ್ತೇನು, ಮ್ಯಾಲೆ ನಿಂತು ನೋಡಕೋತ ಇರಬೇಕಿತ್ತೇನು?" ಅಂದ. ಅಷ್ಟು ಸಹಜವಾಗಿ ಅಂದ.

ಎದ್ದು ನಿಂತಾಗ ನನ್ನ ಭುಜಕ್ಕೆ ಬಂದ, ಅಷ್ಟು ಗಿಡ್ಡ ಮನುಷ್ಯ. ಬಿದ್ದಿದ್ದ ಕೋಲುಗಳನ್ನು ಹುಡುಕಿ ತಂದು ಮಣ್ಣು ಒರೆಸಿದ. ಒರೆಸುತ್ತ ಒರೆಸುತ್ತ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಹಂಪಕ್ಕಾ, ಯುಗಾದಿ ತಪ್ಪಿತಲ್ಲೇ" ಎಂದು ಹೇಳಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ನಾನೂ ಪಕ್ಕದಲ್ಲಿ ಕೂತು ಅತ್ತೆ. ಮಳೆ ಸುರಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವನೇ ಎದ್ದ. "ನಡಿಯವ್ವ. ಯುಗಾದಿಗೆ ಅಲ್ಲಿ ಮಂದಿ ಬಾಳ. ಆಮ್ಯಾಲೆ ಹೋದ್ರ ಮಲ್ಲಯ್ಯಗೂ ಪುರಸೊತ್ತು ಇರ್ತೈತಿ" ಅಂದ. ದನಿ ಇನ್ನೂ ಒಡೆದೇ ಇತ್ತು.

ಸೈಕಲಿನ ಹಿಂದಿನ ಗಾಲಿ ಜಿಲೇಬಿಯಾಗಿತ್ತು, ತಳ್ಳಲೂ ಬರುತ್ತಿರಲಿಲ್ಲ. ಅವನು ಮರಗಾಲುಗಳನ್ನು ಜೋಡಿಸಿ ಹಿಡಿದು ಸೈಕಲನ್ನು ಟವೆಲ್ಲಿನಿಂದ ಅದಕ್ಕೆ ಕಟ್ಟಿ ತೂಗುಬಿಟ್ಟ. ಮುಂದಿನ ತುದಿ ಅವನ ಹೆಗಲಿಗೆ, ಹಿಂದಿನದು ನನ್ನ ಹೆಗಲಿಗೆ. ಹಾಗೆ ಕುರುಗೋಡಿಗೆ ಹೊರಟೆವು. ನಡುದಾರಿಯಲ್ಲಿ ಒಬ್ಬ ಟ್ರ್ಯಾಕ್ಟರ್ ನಿಲ್ಲಿಸಿ, "ಹತ್ತ್ರಿ ಅಕ್ಕಾರ, ಸೈಕಲ್ ಹಾಕ್ರಿ" ಅಂದ. ಪಾದಯಾತ್ರೆಗೆ ಹೊರಟವನು ಹತ್ತುವ ಹಾಗಿರಲಿಲ್ಲ. ನಾನು ಹತ್ತಬಹುದಿತ್ತು, ನನ್ನ ಹಟ ಹೇಗೂ ಮಣ್ಣುಪಾಲಾಗಿತ್ತು. ಆದರೆ ಅವನ ಹರಕೆ ಮುರಿಸಿದವಳು ನಾನು, ಅವನನ್ನು ಅಲ್ಲಿ ಒಬ್ಬನನ್ನೇ ಬಿಟ್ಟು ಹೇಗೆ ಹತ್ತಲಿ? "ಬ್ಯಾಡಪ್ಪ, ನೀ ಹೋಗು" ಅಂದೆ.

ಮಳೆ ನಿಂತಿತು. ಮೋಡ ಪೂರ್ವಕ್ಕೆ ಸರಿದು ಪಶ್ಚಿಮ ಒಮ್ಮೆಲೇ ತೆರೆಯಿತು. ಹೊಲಗಳಲ್ಲೆಲ್ಲ ನೀರು ನಿಂತಿತ್ತು, ಆ ನೀರಿನಲ್ಲೆಲ್ಲ ಆಕಾಶ. ಎಡಕ್ಕೂ ಬಲಕ್ಕೂ, ಕಣ್ಣು ಹೋಗುವಷ್ಟು ದೂರ, ಬಂಗಾರದ ಬಣ್ಣ. ನಡುವೆ ಒಂದು ಕಪ್ಪು ರಸ್ತೆ, ಅದರ ಮೇಲೆ ನಾವಿಬ್ಬರೇ. ಹೆಗಲು ಉರಿಯುತ್ತಿತ್ತು, ಕಣ್ಣು ಬಾತುಕೊಂಡಿದ್ದವು, ಆದರೂ ನಿಂತು ನೋಡದೆ ಇರಲಾಗಲಿಲ್ಲ. ಅವನೂ ನಿಂತ. "ಎಷ್ಟು ದೊಡ್ಡದೈತವ್ವ!" ಅಂದ. ಮ್ಯಾಲಿದ್ದಾಗ ಕಾಲಿನ ಕಡೆಗೇ ಕಣ್ಣಿತ್ತು, ಇದನ್ನ ನೋಡಿರಲಿಲ್ಲ ಅಂದ. 

ಕುರುಗೋಡಿನಲ್ಲಿ ದೀಪ ಹತ್ತಿದ್ದವು. ಬಸವೇಶ್ವರನ ಗುಡಿಯ ಹತ್ತಿರ ಪಾದಯಾತ್ರಿಗಳಿಗೆ ಪೆಂಡಾಲ್ ಹಾಕಿದ್ದರು. ಬೆಳಿಗ್ಗೆ ತಾನೇ ಹರಸಿ ಕಳಿಸಿದ್ದ ಮೈಲಾರಲಿಂಗಪ್ಪ ನಡೆದು ವಾಪಸು ಬಂದದ್ದನ್ನು ನೋಡಿ ಅಲ್ಲಿ ಉಸ್ತುವಾರಿ ನೋಡುತ್ತಿದ್ದ ಜಂಬಮ್ಮ ಅನ್ನುವ ಅಜ್ಜಿಗೆ ಎಲ್ಲ ಅರ್ಥವಾಯಿತು.  ಬಿಸಿನೀರು ತಂದು ಅವನ ಪಾದ ತೊಳೆದಳು, ಎಣ್ಣೆ ತಿಕ್ಕಿದಳು. ಆ ಪಾದಗಳನ್ನು ನಾನು ಅಲ್ಲೇ ಸರಿಯಾಗಿ ನೋಡಿದ್ದು. ಮೆಟ್ಟು ಒತ್ತಿ ಒತ್ತಿ ಅಂಗಾಲಿನ ನಡುವೆ ಚರ್ಮ ಹರಿದು ಹಸಿಯಾಗಿತ್ತು. ಹಾಗಿದ್ದವು ಆ ಕಾಲುಗಳು, ನನ್ನ ಕಡೆಗೆ ಓಡಿಬಂದಾಗ. ಎದುರಿಗಿದ್ದ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದೆ.

"ಮುಂಜಾನಿ ಬಸ್ಸಿಗೆ ನೀ ಊರಿಗೆ ಹೋಗವ್ವ, ಮನ್ಯಾಗ ದಾರಿ ನೋಡ್ತಿರ್ತಾರ" ಅಂದ ಮಲಗುವ ಮುಂಚೆ. ಹೂಂ ಅಂದೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ಸ್ನಾನ ಮಾಡಿ, ಕೋಲುಗಳಿಗೆ ವಿಭೂತಿ ಹಚ್ಚಿ, ಹೂ ಏರಿಸಿ ಕೂತಿದ್ದ. ಪಾದಗಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಗುಡಿಯ ಮುಂದಿನ ರಸ್ತೆಯಲ್ಲಿ ಬಳ್ಳಾರಿ ಬಸ್ಸು ನಿಂತಿತ್ತು, ಕಂಡಕ್ಟರ್ ಸೈಕಲನ್ನು ಮೇಲೆ ಹಾಕಲು ಒಪ್ಪಿದ್ದ. ನಾನು ಸೈಕಲನ್ನು ಕಂಡಕ್ಟರ್ ಕೈಗೆ ಕೊಟ್ಟು, ಕೌಲ್ ಬಜಾರಿನ ವಿರೂಪಾಕ್ಷಿಯ ನಂಬರ್ ಬರೆಸಿ, ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಾನೆ ಎಂದು ಹೇಳಿ ಪೆಂಡಾಲಿಗೆ ತಿರುಗಿ ಬಂದೆ.

ಬಸ್ಸು ಹಾರ್ನ್ ಹೊಡೆದು ಹೊರಟಿತು. ಮೈಲಾರಲಿಂಗಪ್ಪ ಗಾಬರಿಯಾದ. "ಯವ್ವಾ, ಬಸ್ ಹೊಂಟತಲ್ಲ! ಓಡು ಓಡು, ಕೈ ಮಾಡು!"

"ಹೋಗ್ಲಿ ಬಿಡ್ರಿ ಅಣ್ಣಾ" ಅಂದೆ. "ನೀವು ಏರ್ರಿ. ತೆಕ್ಕಲಕೋಟಿ ತನಕ ಒರಗಾಕ ಮುಂದ ನಾ ಅದೀನಿ."